ಹದಿನಾಲ್ಕು ವರ್ಷ ಟೀಮಲ್ಲಿದ್ದೆ

ಮೊನ್ನೆ ಕಾಲೇಜಿನ ಕ್ರೀಡಾ ವಿಭಾಗದ ಸ್ಟೋರ್ ರೂಮಿನಲ್ಲಿ ಹಳೆಯ ಕಪಾಟೊಂದನ್ನು ತೆಗೆದೆ. ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಹೊಸ ಕೋಚ್ ಬರುತ್ತಿದ್ದಾರೆ, ಅವರ ಸಾಮಾನಿಗೆ ಜಾಗ ಮಾಡಬೇಕಿತ್ತು. ಬಾಗಿಲು ಎಳೆದದ್ದೇ ತಡ, ಕೊಬ್ಬರಿ ಎಣ್ಣೆಯ ವಾಸನೆಯೂ ರಬ್ಬರಿನ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದವು. ನಮ್ಮ ಕಾಲೇಜಿರುವ ತಿಪಟೂರು ಕೊಬ್ಬರಿಯ ಊರು, ಇಲ್ಲಿ ಆ ಎಣ್ಣೆಯ ವಾಸನೆಗೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ರಬ್ಬರಿನ ಜೊತೆ ಬೆರೆತ ಆ ವಾಸನೆ ಒಬ್ಬರದ್ದೇ. ಚೆಂಡಿಗೆ ಗಾಳಿ ತುಂಬುವ ಮೊದಲು ಪಂಪಿನ ಸೂಜಿಯನ್ನು ಎಣ್ಣೆಯಲ್ಲಿ ಅದ್ದಿ, ಬೆರಳಿನಿಂದ ಒರೆಸಿ, ಆಮೇಲೆ ಮೆತ್ತಗೆ ಒಳಗೆ ಬಿಡುತ್ತಿದ್ದ ಹವಾಲ್ದಾರ್ ರುದ್ರಪ್ಪನವರದ್ದು.

ಕಪಾಟು ಮುಚ್ಚಿ ಹೊರಗೆ ಬಂದು ಮೈದಾನದ ಸುತ್ತ ಎರಡು ಸುತ್ತು ನಡೆದೆ. ನನ್ನ ಮೇಜಿನ ಮೇಲೆ ಒಂದು ಖಾಲಿ ಹಾಳೆ ಬಿದ್ದಿದೆ. ಹೊಸ ತರಬೇತುದಾರರ ಪರಿಚಯ ಬರೆದುಕೊಡಿ ಎಂದು ಕಾಲೇಜಿನ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಹೇಳಿ ನಾಲ್ಕು ದಿನವಾಯಿತು. ಬರೆಯಲು ಕೂರುತ್ತೇನೆ, ಎದ್ದುಬಿಡುತ್ತೇನೆ. ಮತ್ತೆ ಕೂರುತ್ತೇನೆ, ನೀರು ಕುಡಿಯುವ ನೆಪ ಮಾಡಿಕೊಂಡು ಮತ್ತೆ ಏಳುತ್ತೇನೆ. ನನಗೆ ಪರಿಚಯ ಬರೆಯುವ ಕೆಲಸ ಕೊಡಲೇಬಾರದು. ಆದರೆ ಅದು ಕಾರ್ಯದರ್ಶಿಗಳಿಗೆ ಗೊತ್ತಿಲ್ಲ.

ನಾಲ್ಕು ವರ್ಷದ ಹಿಂದಿನ ಮಾತು. ಆಗ ನಾನು ಈ ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಅತಿಥಿ ಬೋಧಕಿ. ಹನ್ನೊಂದು ವರ್ಷದಿಂದ ಅತಿಥಿ. ಯಾರ ಮನೆಯಲ್ಲಾದರೂ ಅತಿಥಿ ಹನ್ನೊಂದು ವರ್ಷ ಇರುವುದುಂಟೇ? ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು, ಪ್ರತಿ ವರ್ಷ ಪರೀಕ್ಷೆ ಮುಗಿದ ಮೇಲೆ ಮನೆಗೆ ಹೋಗಬೇಕು. ತುರುವೇಕೆರೆಯಿಂದ ಬೆಳಗಿನ ಬಸ್ಸು ಹಿಡಿದು ಬಂದು, ಖೋ ಖೋ ಆಡಿಸಿ, ಸುಣ್ಣದ ಗೆರೆ ಎಳೆಸಿ, ಕವಾಯತು ಮಾಡಿಸಿ, ಸಂಜೆ ಅದೇ ಬಸ್ಸಿನಲ್ಲಿ ವಾಪಸ್. ಹೊಸ ಹುಡುಗಿಯರು ಬಂದು 'ಮಂಜುಳಾ ಮೇಡಂ ಪರ್ಮನೆಂಟಾ?' ಎಂದು ಪಿಸುಗುಟ್ಟುವುದು ಕಿವಿಗೆ ಬೀಳುತ್ತಿತ್ತು. ಸಿಟ್ಟು ನೆತ್ತಿಗೇರುತ್ತಿತ್ತು, ಸಿಳ್ಳೆ ಊದಿ ಎರಡು ಸುತ್ತು ಹೆಚ್ಚಿಗೆ ಓಡಿಸುತ್ತಿದ್ದೆ.

ಆ ವರ್ಷದ ಆಷಾಢದಲ್ಲಿ ಮಳೆಗಿಂತ ಗಾಳಿಯೇ ಹೆಚ್ಚು. ನಮ್ಮ ಮೈದಾನದ ಮೂರು ಕಡೆ ತೆಂಗಿನ ತೋಟ. ದಿನವಿಡೀ ಗರಿಗಳ ಸರಬರ ಸದ್ದು, ನಡುವೆ ಎಲ್ಲೋ ಒಂದು ಒಣಗರಿ ಕಿತ್ತು ಬೀಳುವ ಸದ್ದು. ಮೋಡ ಬರುವುದು, ನಾಲ್ಕು ಹನಿ ಉದುರಿಸಿ ಹೊರಟುಹೋಗುವುದು. ಹೊಲದಲ್ಲಿ ರಾಗಿ ಹಾಕಬೇಕೋ ಕಾಯಬೇಕೋ ಯಾರಿಗೂ ತಿಳಿಯದು. ಆ ಗಾಳಿಯಲ್ಲಿ ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಅಂಥ ಒಂದು ಮಧ್ಯಾಹ್ನ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಕರೆಸಿದರು.

ಅವರು ಕೊಬ್ಬರಿ ವ್ಯಾಪಾರಿ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟುಕೊಂಡಿದೆಯೋ ಇಲ್ಲವೋ ಹೇಳುವವರು. ಮನುಷ್ಯರನ್ನೂ ಹಾಗೇ ತೂಗಿ ನೋಡುತ್ತಾರೆ, ಮಾತು ಕಡಿಮೆ.

"ಪಕ್ಕದೂರ್ ಕಾಲೇಜಲ್ಲಿ ಹುಡ್ಗೀರ್ ಫುಟ್‌ಬಾಲ್ ಟೀಮ್ ಮಾಡವ್ರೆ. ನಾವೂ ಮಾಡಣ," ಎಂದರು. "ಕೋಚು ಅಂತ ಒಬ್ರಲ್ಲ, ಮೂರ್ ಜನ ಇರ್ಲಿ. ಮುಖ್ಯಸ್ಥರು ಅಂತ ಯಾರಾಯ್ತಾರೋ ಅವ್ರನ್ನ ಮುಂದಿನ ವರ್ಸದಿಂದ ಖಾಯಂ ಮಾಡ್ಕೋತೀವಿ. ಎಲ್ರದ್ದೂ ಪರಿಚಯ ಬರ್ದು ಮಂಡಳಿಗ್ ಕೊಡಿ ಮೇಡಂ. ನಿಮ್ ಕನ್ನಡ ಚೆನ್ನಾಗದೆ."

ಖಾಯಂ. ಆ ಮಾತು ಕೇಳಿ ನನಗೆ ಫುಟ್‌ಬಾಲ್ ಬರುವುದಿಲ್ಲ ಎಂಬುದು ಮರೆತೇಹೋಯಿತು. ಕಾಲೇಜಿನಲ್ಲಿ ಆಟ ಕಲಿಸುವವಳು ನಾನೊಬ್ಬಳೇ, ಮುಖ್ಯಸ್ಥೆ ನಾನಲ್ಲದೆ ಇನ್ಯಾರು? ಅಂದೇ ಕೂತು ನನ್ನ ಪರಿಚಯ ಬರೆದೆ. 'ರಾಜ್ಯ ಮಟ್ಟದ ಖೋ ಖೋ ಪಂದ್ಯಾವಳಿಯಲ್ಲಿ ಜಿಲ್ಲೆಯನ್ನು ಪ್ರತಿನಿಧಿಸಿದವರು.' ಹೌದು, ಹೋಗಿದ್ದೆ. ಜಿಲ್ಲೆಯ ಅಂಗಿ ಹಾಕಿಕೊಂಡಿದ್ದೆ. ಇಡೀ ಪಂದ್ಯಾವಳಿ ಬದಲಿ ಆಟಗಾರ್ತಿಯರ ಬೆಂಚಿನ ಮೇಲೆ ಕೂತು, ಒಂದೇ ಒಂದು ಸಲವೂ ಮೈದಾನಕ್ಕೆ ಇಳಿಯದೆ, ಪ್ರತಿನಿಧಿಸಿ ಬಂದಿದ್ದೆ.

ಎರಡನೆಯವರಾಗಿ ರುದ್ರಪ್ಪನವರು ಬಂದರು. ಚಿಕ್ಕನಾಯಕನಹಳ್ಳಿ ಕಡೆಯ ಹಳ್ಳಿಯವರು, ಸೈನ್ಯದಿಂದ ನಿವೃತ್ತರಾಗಿ ತೋಟ ನೋಡಿಕೊಂಡಿದ್ದರು. ಅರವತ್ತರ ಹತ್ತಿರದ ವಯಸ್ಸು, ನೆಟ್ಟಗಿನ ಬೆನ್ನು, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ದಾಖಲೆಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದರು. ಅವರು ಸಹಾಯಕ್ಕೆ ಬಂದವರು ಎಂದೇ ನಾನು ತಿಳಿದದ್ದು.

"ಫುಟ್‌ಬಾಲ್ ಅನುಭವ ಎಷ್ಟು ವರ್ಷ ಸಾರ್?" ಎಂದು ಕೇಳಿದೆ.

"ಹದ್ನಾಲ್ಕ್ ವರ್ಸ ರೆಜಿಮೆಂಟ್ ಟೀಮಲ್ಲಿದ್ದೆ ಕಣಮ್ಮ."

"ಯಾವ ಜಾಗದಲ್ಲಿ?"

"ಒಂದು ಜಾಗ ಅಂತ ಏನಿಲ್ಲ. ಅಸ್ಸಾಮು, ಪಂಜಾಬು, ಮದ್ರಾಸು... ಟೀಮ್ ಹೋದ್ ಕಡೆಗೆಲ್ಲಾ ಹೋಗಿದೀನಿ."

ನಾನು ಕೇಳಿದ್ದು ಮೈದಾನದಲ್ಲಿ ಮುಂದೆ ಆಡುತ್ತಿದ್ದಿರೋ ಹಿಂದೆ ಆಡುತ್ತಿದ್ದಿರೋ ಎಂದು. ಅವರು ಹೇಳಿದ್ದು ಊರಿನ ಹೆಸರು. ಇನ್ನೊಂದು ಸಲ ಕೇಳುವ ತಾಳ್ಮೆ ನನಗಿರಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು. ಕೈಕೆಳಗಿನವರ ಪರಿಚಯ ಜೋರಾಗಿದ್ದರೆ ಮುಖ್ಯಸ್ಥೆಗೇ ಒಳ್ಳೆಯದಲ್ಲವೇ ಎಂದುಕೊಂಡು ಧಾರಾಳವಾಗಿ ಬರೆದೆ. 'ಹದಿನಾಲ್ಕು ವರ್ಷ ಸೈನ್ಯದ ತಂಡದ ಆಟಗಾರರಾಗಿ ದೇಶದ ಉದ್ದಗಲಕ್ಕೂ ಆಡಿದವರು. ಎಲ್ಲ ಸ್ಥಾನಗಳಲ್ಲೂ ಆಡಿದ ಅನುಭವಿ.'

ಮಂಡಳಿಯವರು ಓದಿದರು. ಓದಿ, ರುದ್ರಪ್ಪನವರನ್ನು ಮುಖ್ಯಸ್ಥರನ್ನಾಗಿ ಮಾಡಿದರು, ನನ್ನನ್ನು ಸಹಾಯಕಿ ಮಾಡಿದರು.

ಹೊಟ್ಟೆ ಉರಿಯಿತು. ಇದನ್ನು ನಯವಾಗಿ ಹೇಳಲು ನನಗೆ ಬರುವುದಿಲ್ಲ. ನನ್ನ ಕೈಯಾರೆ ಬರೆದು, ನನ್ನ ಕೈಯಾರೆ ಕೊಟ್ಟು, ನನ್ನ ಕುರ್ಚಿಯನ್ನು ನಾನೇ ಇನ್ನೊಬ್ಬರಿಗೆ ಹಾಕಿದ್ದೆ. ಗೇಟಿನ ಪಕ್ಕ ದೊಡ್ಡ ಫ್ಲೆಕ್ಸ್ ಕಟ್ಟಿದರು, ಅದರಲ್ಲಿ ನಾನು ಬರೆದ ಸಾಲುಗಳನ್ನೇ ಹಾಕಿದ್ದರು. ರುದ್ರಪ್ಪನವರು ಅದರ ಮುಂದೆ ಬಹಳ ಹೊತ್ತು ನಿಂತು ಓದಿದರು. ನಾನು ಪಕ್ಕದಲ್ಲೇ ಇದ್ದೆ.

"ಇದನ್ ಬರ್ದೋರು ನೀವೇನಾ?" ಎಂದರು.

"ಹೌದು ಸಾರ್."

ಇನ್ನೇನೋ ಹೇಳುವವರ ಹಾಗೆ ಬಾಯಿ ತೆರೆದರು. ಅಷ್ಟರಲ್ಲಿ ನಾಲ್ಕು ಹುಡುಗಿಯರು ಬಂದು ಫ್ಲೆಕ್ಸ್ ನೋಡಿ, ಅವರನ್ನು ನೋಡಿ, ನಮಸ್ಕಾರ ಮಾಡಿದರು. ಅವರೂ ಕೈ ಮುಗಿದು, "ಚೆನ್ನಾಗ್ ಬರ್ದಿದೀರ," ಎಂದಷ್ಟೇ ಹೇಳಿ ಮೈದಾನದ ಕಡೆ ಹೊರಟರು.

ಮೊದಲ ವಾರ ಕಾಲಿನಲ್ಲಿ ಚೆಂಡು ತಳ್ಳುವುದೇ ಆಯಿತು. ಹುಡುಗಿಯರು ಗಟ್ಟಿಗರು, ಓಡುವುದಕ್ಕೆ ಹೇಳಿಕೊಡಬೇಕಿರಲಿಲ್ಲ. ಎರಡನೇ ವಾರ ರುದ್ರಪ್ಪನವರು ಚೆಂಡನ್ನು ಎತ್ತರಕ್ಕೆ ಒದ್ದರು. ಆಗ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಚೆಂಡು ಮೇಲಕ್ಕೆ ಹೋಯಿತು, ಕೆಳಗಿದ್ದ ಏಳು ಹುಡುಗಿಯರೂ ತಲೆ ತಗ್ಗಿಸಿ, ಯಾರೂ ಮೇಲೆ ನೋಡದೆ, ಸರಸರ ಪಕ್ಕಕ್ಕೆ ಸರಿದರು. ಚೆಂಡು ಖಾಲಿ ನೆಲಕ್ಕೆ ಬಿದ್ದು ಪುಟಿಯಿತು. ಮತ್ತೆ ಒದ್ದರು, ಮತ್ತೆ ಅದೇ. ಹಿಂದಿನ ಸಾಲಿನಲ್ಲಿ ಆಡುತ್ತಿದ್ದ ಹಾಲ್ಕುರಿಕೆಯ ಗೌರಿ ಎಂಬ ಹುಡುಗಿಯಂತೂ ಎರಡು ಕೈಯನ್ನೂ ತಲೆಯ ಮೇಲೆ ಹೊತ್ತು ಕುಕ್ಕರುಗಾಲಲ್ಲಿ ಕೂತುಬಿಟ್ಟಳು.

ಇದು ಯಾಕೆ ಎಂದು ಈ ಕಡೆಯವರಿಗೆ ಹೇಳಬೇಕಿಲ್ಲ. ತೋಟದಲ್ಲಿ ಕಾಯಿ ಕೆಡವುವಾಗ ಮೇಲಿನಿಂದ 'ಕಾಯ್' ಎಂದು ಕೂಗು ಬಂದರೆ ಮೇಲೆ ನೋಡಬಾರದು, ತಲೆ ತಗ್ಗಿಸಿ ಸಾಲಿನ ನಡುವಿನ ಬಯಲಿಗೆ ಓಡಬೇಕು. ನಡೆಯಲು ಕಲಿಯುವ ಮಕ್ಕಳಿಗೆ ಮೊದಲು ಕಲಿಸುವ ಪಾಠ ಅದೇ. ಹದಿನೆಂಟು ವರ್ಷ ಮೈಗೆ ಹತ್ತಿದ್ದನ್ನು ಒಂದು ಸಿಳ್ಳೆಯಲ್ಲಿ ಬಿಡಿಸುವುದು ಹೇಗೆ? ನಾನು ಬೈದೆ. ಇದೇನು ತೋಟವೇನೇ, ಕಣ್ಣಿಲ್ಲವೇನೇ ಎಂದು ಕೂಗಾಡಿದೆ.

"ಬೈಬ್ಯಾಡಿ ಕಣಮ್ಮ," ಎಂದರು ರುದ್ರಪ್ಪ. ಸುತ್ತ ನಿಂತು ನೋಡುತ್ತಿದ್ದವರೆಲ್ಲ ನಗುತ್ತಿದ್ದರು, ಅವರೊಬ್ಬರೇ ನಗಲಿಲ್ಲ. "ಅವ್ರ್ ತಪ್ಪಲ್ಲ ಇದು. ತಲೆ ಉಳ್ಸ್‌ಕಳದು ತಪ್ಪಾ? ನಿಧಾನಕ್ಕೆ ಬಿಡುಸ್ಬೇಕು."

ಮಾರನೆಯ ದಿನ ಮೈದಾನದ ಅಂಚಿನ ಬೇವಿನ ಕೊಂಬೆಗೆ ತೆಂಗಿನ ಹುರಿಯಲ್ಲಿ ಒಂದು ಬಟ್ಟೆಯ ಉಂಡೆ ಕಟ್ಟಿದರು. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಹಣೆ ತಾಕಿಸಿ ಹೋಗಬೇಕು. ಒಂದು ವಾರ ಅಷ್ಟೇ. ಆಮೇಲೆ ಅರ್ಧ ಗಾಳಿ ತುಂಬಿದ ಚೆಂಡು. ಆಮೇಲೆ ಕೈಯಿಂದ ಎರಡು ಮಾರು ಎತ್ತರಕ್ಕೆ ಎಸೆದದ್ದು. "ಕಣ್ ಮುಚ್ಬ್ಯಾಡ್ರವ್ವ, ಕಣ್ ಬುಟ್ಟಿದ್ರೆ ಪೆಟ್ಟಾಗಲ್ಲ" ಎಂಬುದೊಂದೇ ಅವರ ಮಂತ್ರ. ಪ್ರತಿ ಸಲ ಎಸೆಯುವಾಗ ಅವರೇ 'ಕಾಯ್' ಎಂದು ಕೂಗುತ್ತಿದ್ದರು, ಹೋಗುವವಳು 'ಕಾಯ್ ನಂದು' ಎಂದು ಕೂಗಿ ಹೋಗಬೇಕು. ಓಡಿಹೋಗಲು ಹೇಳುತ್ತಿದ್ದ ಮಾತನ್ನು ಅವರು ಓಡಿಬರಲು ಹೇಳುವ ಮಾತು ಮಾಡಿದರು. ನಾನು ದೂರದಲ್ಲಿ ನಿಂತು ಹಲ್ಲು ಕಚ್ಚಿಕೊಂಡು ನೋಡುತ್ತಿದ್ದೆ. ನನಗೆ ಹೊಳೆಯಬೇಕಿತ್ತಲ್ಲ ಎನಿಸುತ್ತಿತ್ತು.

ಗೋಲ್ ಕಾಯುವ ಹುಡುಗಿಯರಿಗೆ ಕಲಿಸಲು ಮೂರನೆಯವನನ್ನು ಹುಡುಕಿದ್ದೂ ಅವರೇ. ತುರುವೇಕೆರೆ ರಸ್ತೆಯ ತೋಟವೊಂದರ ಮುಂದೆ ಲಾರಿಗೆ ಕಾಯಿ ತುಂಬುತ್ತಿದ್ದರಂತೆ. ಕೆಳಗಿನಿಂದ ಇಬ್ಬರು ಒಂದೊಂದು ಕಾಯಿ ಎಸೆಯುವುದು, ಮೇಲೆ ಗಂಗಣ್ಣ ಎಂಬಾತ ಬೀಡಿ ಕಚ್ಚಿಕೊಂಡು ಹರಟೆ ಹೊಡೆಯುತ್ತಲೇ ಎರಡನ್ನೂ ಹಿಡಿದು ಜೋಡಿಸುವುದು. ರುದ್ರಪ್ಪನವರು ಸ್ಕೂಟರ್ ನಿಲ್ಲಿಸಿ ಅರ್ಧ ಗಂಟೆ ನೋಡಿ, ಮರುದಿನ ಬೆಳಿಗ್ಗೆ ಅವನನ್ನು ಕರೆದುಕೊಂಡೇ ಬಂದರು. ಅವನ ಪರಿಚಯವನ್ನೂ ನಾನೇ ಬರೆದೆ: 'ಹಿಡಿತದಲ್ಲಿ ದೀರ್ಘಕಾಲದ ಅನುಭವ ಹೊಂದಿದವರು.'

"ಹಿಡಿತ ಅಂದ್ರೇನ್ ಮೇಡಂ?" ಎಂದು ಕೇಳಿದ.

"ಕಾಯಿ ಹಿಡಿಯೋದು ಕಣಪ್ಪ."

"ಮತ್ತೆ ಕಾಯಿ ಅಂತ್ಲೇ ಬರೀಬೋದಿತ್ತಲ್ಲ," ಎಂದ. ನಾನು ಹಾಳೆಯನ್ನು ಮಡಚಿ ಫೈಲಿಗೆ ಸೇರಿಸಿದೆ. ಆದರೆ ಕಲಿಸುವುದರಲ್ಲಿ ಅವನು ಎತ್ತಿದ ಕೈ. "ಕಾಯಿಗೆ ಎದುರ್ ಹೋಗ್ಬ್ಯಾಡ ಕಣವ್ವ. ಅದು ಕೈಗ್ ಬಂದಾಗ ಅದ್ರ್ ಜೊತೇಲೆ ಒಂದ್ ಗೇಣು ಹಿಂದಕ್ ಬಾ," ಎನ್ನುತ್ತಿದ್ದ. ಹದಿನೈದು ದಿನದಲ್ಲಿ ಗೋಲ್ ಕಾಯುವ ನಮ್ಮ ಹುಡುಗಿಯ ಕೈಯಿಂದ ಚೆಂಡು ಜಾರುವುದು ನಿಂತಿತು.

ಶ್ರಾವಣ ಬಂದಿತು. ರಾಗಿ ಹಾಕುವ ದಿನಗಳಲ್ಲಿ ಅರ್ಧ ತಂಡ ನಾಪತ್ತೆಯಾಗುವುದು, ಉಳಿದವರ ಜೊತೆ ರುದ್ರಪ್ಪನವರೇ ನಿಂತು ಚೆಂಡು ಎಸೆಯುವುದು. ಅವರು ಒಂದು ದಿನವೂ ಆಡಿ ತೋರಿಸಲಿಲ್ಲ. ಬಿಡುವಿದ್ದಾಗ ಸ್ಟೋರ್ ರೂಮಿನ ಮೆಟ್ಟಿಲ ಮೇಲೆ ಕೂತು ಹುಡುಗಿಯರ ಬೂಟಿನ ಅಟ್ಟೆ ಹೊಲಿಯುವುದು, ಎಣ್ಣೆಯಲ್ಲಿ ಸೂಜಿ ಅದ್ದುವುದು. ಮುಖ್ಯಸ್ಥರಾಗಿ ಇದನ್ನೆಲ್ಲ ಮಾಡುತ್ತಾರಲ್ಲ, ದೊಡ್ಡ ಮನುಷ್ಯರು ಎಂದು ಪ್ರಿನ್ಸಿಪಾಲರು ಹೊಗಳಿದರು. ನನಗೆ ಅದೂ ಉರಿಯಿತು.

ಶ್ರಾವಣದ ಕೊನೆಗೆ ಹಾಸನದಿಂದ ಒಂದು ತಂಡ ಸ್ನೇಹದ ಪಂದ್ಯಕ್ಕೆ ಬಂತು. ಅವರ ಕೋಚೂ ಮಾಜಿ ಸೈನಿಕರೇ. ವ್ಯಾನಿನಿಂದ ಇಳಿದವರು ರುದ್ರಪ್ಪನವರನ್ನು ನೋಡಿ ಓಡಿಬಂದು ತಬ್ಬಿಕೊಂಡರು. "ಲೇ, ಪಂಪ್ ರುದ್ರ! ನೀನೇನ್ಲಾ ಇಲ್ಲಿ?" ಎಂದರು. ರುದ್ರಪ್ಪನವರ ಮುಖ ಬಿಳಿಚಿಕೊಂಡದ್ದನ್ನು ನಾನು ನೋಡಿದೆ.

ನಾವು ಸೋತೆವು. ಚಹಾ ಕುಡಿಯುವಾಗ ಆ ಕೋಚ್ ನನ್ನ ಹತ್ತಿರ ಪ್ರೀತಿಯಿಂದಲೇ ಹೇಳಿದರು. "ಇವ್ನಿಲ್ದಿದ್ರೆ ನಮ್ ಟೀಮೇ ಇರ್ತಿರ್ಲಿಲ್ಲ ಮೇಡಂ. ಚೆಂಡಿಗೆ ಗಾಳಿ, ಬೂಟ್ ರಿಪೇರಿ, ಗೆರೆ ಎಳಿಯೋದು, ಕಾಲಿಗೆ ಎಣ್ಣೆ ತಿಕ್ಕೋದು, ಎಲ್ಲಾ ಇವ್ನೇ."

"ಆಟ?" ಎಂದೆ.

"ಆಟಾನಾ? ಇವ್ನೆಲ್ ಆಡ್ದ," ಎಂದು ನಕ್ಕರು.

ವ್ಯಾನು ಹೋದ ಮೇಲೆ ನಾನು ಸ್ಟೋರ್ ರೂಮಿಗೆ ಹೋದೆ. ರುದ್ರಪ್ಪನವರು ಚೆಂಡುಗಳನ್ನು ಒರೆಸಿ ಜೋಡಿಸುತ್ತಿದ್ದರು. ತಿರುಗಿ ನೋಡದೆಯೇ ಮಾತಾಡಿದರು.

"ಹೊಸದಾಗಿ ಸೇರ್ದಾಗ ನನ್ನೂ ಆಟಕ್ಕೆ ಬಿಟ್ಟಿದ್ರು ಕಣಮ್ಮ. ನೋಡಣ ಅಂತ. ಮೇಲಿಂದ ಒಂದ್ ಚೆಂಡು ಬಂತು. ನಾನು ತಲೆ ಮ್ಯಾಲೆ ಕೈ ಹೊತ್ಕಂಡು ಕುಂತ್‌ಬುಟ್ಟೆ, ನಮ್ ಗೌರಿ ತರಾನೇ. ಇಡೀ ಮೈದಾನ ನಕ್ತು. ಪಂಪ್ ಕೈಗ್ ಕೊಟ್ರು. ಹದ್ನಾಲ್ಕ್ ವರ್ಸ ಗೆರೆ ಆಚೆಗ್ ನಿಂತು ನೋಡ್ದೆ, ಈ ಮೇಲಿನ್ ಚೆಂಡಿಗೆ ಹೋಗೋರು ಹೆಂಗ್ ಹೋಯ್ತಾರೆ ಅಂತ. ನೋಡಿ ನೋಡಿ ಕಲ್ತೆ, ಆದ್ರೆ ಆಮೇಲೆ ಯಾರೂ ಒಳಗ್ ಕರೀಲಿಲ್ಲ."

"ಫ್ಲೆಕ್ಸ್ ನೋಡಿದಾಗ ಹೇಳಬಹುದಿತ್ತಲ್ಲ ಸಾರ್," ಎಂದೆ.

"ಹೇಳ್ಬೇಕಿತ್ತು. ನೀವ್ ಬರ್ದಿದ್ರಿ, ನಾನ್ ಅಳುಸ್ಲಿಲ್ಲ," ಎಂದರು. "ಓದಕ್ಕೆ ಚೆನ್ನಾಗಿತ್ತು ಕಣಮ್ಮ."

ಮುಂದಿನ ಎರಡು ದಿನ ನಾನು ನಿದ್ದೆ ಮಾಡಲಿಲ್ಲ, ಊಟ ಸೇರಲಿಲ್ಲ. ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಹೋದೆ. ಒಂದು ಕಡೆ ಆ ಮನುಷ್ಯ ನನ್ನ ಬರಹಕ್ಕೆ ಸಿಕ್ಕಿಬಿದ್ದವರು. ಇನ್ನೊಂದು ಕಡೆ ಹನ್ನೊಂದು ವರ್ಷ. ಸುಮ್ಮನಿದ್ದರೆ ನನ್ನ ಜಾಗ ಅವರದ್ದು. ಬಾಯಿ ಬಿಟ್ಟರೆ ನನ್ನದು. ಮೂರನೆಯ ದಿನ ಕಾರ್ಯದರ್ಶಿಗಳೇ ಕರೆಸಿ, ಖಾಯಂ ಮಾಡಲು ರುದ್ರಪ್ಪನವರ ಹೆಸರನ್ನು ಮಂಡಳಿಯ ಮುಂದಿಡುತ್ತೇವೆ, ಅವರ ಪರಿಚಯದ ಇನ್ನೊಂದು ಪ್ರತಿ ಬೇಕು ಎಂದರು.

ನಾನು ಪ್ರತಿಯನ್ನು ಮೇಜಿನ ಮೇಲಿಟ್ಟೆ. ಇಟ್ಟು, "ಸಾರ್, ಇದರಲ್ಲಿ ಒಂದು ತಪ್ಪಾಗಿದೆ," ಎಂದೆ. "ರುದ್ರಪ್ಪನವರು ಆಟಗಾರರಲ್ಲ. ತಂಡದ ಸಾಮಾನು ನೋಡಿಕೊಳ್ಳುತ್ತಿದ್ದರು. ಹಾಸನದವರು ಹೇಳಿದರು."

ತಪ್ಪಾಗಿದೆ. ಮಳೆಯಾಗಿದೆ ಅಂದ ಹಾಗೆ, ಬೆಳಗಾಗಿದೆ ಅಂದ ಹಾಗೆ. ಮಾಡಿದವರು ಯಾರೂ ಇಲ್ಲದೆ ತಾನಾಗಿ ಆದ ತಪ್ಪು. 'ತಪ್ಪು ಮಾಡಿದ್ದೇನೆ' ಎಂದಿದ್ದರೆ ಅಲ್ಲಿ ನಾನು ಇರುತ್ತಿದ್ದೆ. ನನ್ನ ಕನ್ನಡ ಚೆನ್ನಾಗಿದೆ ಎಂದು ಅವರೇ ಹೇಳಿದ್ದರಲ್ಲ, ಆ ಚೆನ್ನಾಗಿರುವ ಕನ್ನಡದಲ್ಲಿ ನಾನು ಆ ಸಾಲಿನಿಂದ ಹೊರಗೆ ಬಂದುಬಿಟ್ಟೆ. ಕಾರ್ಯದರ್ಶಿಗಳು ನನ್ನನ್ನೇ ನೋಡಿದರು. "ಅಂದ್ರೆ ಸುಳ್ ಬರ್ಸವ್ನೆ ಅನ್ನಿ," ಎಂದರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಅಂದೇ ಮಧ್ಯಾಹ್ನ ರುದ್ರಪ್ಪನವರನ್ನು ಕರೆಸಿದರು. ಹತ್ತು ನಿಮಿಷದಲ್ಲಿ ಹೊರಗೆ ಬಂದರು. ನೇರ ನನ್ನ ಹತ್ತಿರ ಬಂದು ಸ್ಟೋರ್ ರೂಮಿನ ಬೀಗದ ಕೈ ಕೊಟ್ಟರು. "ಸೂಜಿ ಎಣ್ಣೆಗ್ ಅದ್ದದೆ ಹಾಕ್ಬ್ಯಾಡಿ, ಒಳಗಿನ್ ಬ್ಲಾಡರ್ ಹರಿತದೆ. ಗೌರಿ ಬೂಟು ಎಡಗಾಲ್ದು ಇನ್ನೊಂದ್ ಹೊಲಿಗೆ ಹಾಕ್ಸಿ," ಎಂದು ಹೇಳಿ ಸ್ಕೂಟರ್ ಹತ್ತಿದರು. ಆವತ್ತು ಜೋರು ಮಳೆ ಬಂತು, ಆ ವರ್ಷದ ಎಲ್ಲಕ್ಕಿಂತ ದೊಡ್ಡ ಮಳೆ. ಸಂಜೆಯ ಹೊತ್ತಿಗೆ ಫ್ಲೆಕ್ಸ್ ಇಳಿಸಿದ್ದರು.

"ಹವಾಲ್ದಾರ್ ಸಾರ್ ಯಾಕ್ ಬರಲ್ಲ ಮೇಡಂ?" ಎಂದು ಗೌರಿ ಕೇಳಿದಳು.

"ಅವರ ದಾಖಲೆಯಲ್ಲಿ ಏನೋ ತಪ್ಪಾಗಿತ್ತಂತೆ," ಎಂದೆ. ಎರಡನೆಯ ಸಲ ಅದು ಇನ್ನೂ ಸಲೀಸಾಗಿ ಬಂತು.

ಹುಡುಗಿಯರು ಅಭ್ಯಾಸಕ್ಕೆ ಬರುವುದನ್ನು ಬಿಡಲಿಲ್ಲ, ಆದರೆ ನನ್ನ ಜೊತೆ ಮಾತು ಬಿಟ್ಟರು. ನಾನು ಎಸೆದ ಚೆಂಡಿಗೆ ತಮ್ಮಷ್ಟಕ್ಕೆ ತಾವೇ 'ಕಾಯ್' ಎಂದು ಕೂಗಿಕೊಂಡು ಹೋಗುತ್ತಿದ್ದರು. ಗಂಗಣ್ಣ ಮಾತ್ರ ಒಂದು ದಿನ, "ಆ ಯಪ್ಪ ಸುಳ್ ಹೇಳೋನಲ್ಲ ಕಣ್ರೀ, ಇದ್ಯಾಕೋ ಸರಿಯಾಗ್ಲಿಲ್ಲ," ಎಂದ. ನಾನು ಸುಣ್ಣದ ಗೆರೆ ನೋಡಬೇಕು ಎಂದು ಎದ್ದುಹೋದೆ. ಆ ತಿಂಗಳು ನಾನು ಎದ್ದುಹೋದಷ್ಟು ಸಲ ಬೇರೆ ಯಾವಾಗಲೂ ಎದ್ದುಹೋಗಿಲ್ಲ.

ಭಾದ್ರಪದದಲ್ಲಿ ತುಮಕೂರಿನಲ್ಲಿ ಅಂತರ ಕಾಲೇಜು ಪಂದ್ಯ. ಕಾರ್ಯದರ್ಶಿಗಳು ಕಾರು ಮಾಡಿಕೊಂಡು ಬಂದು ಗೆರೆಯ ಪಕ್ಕ ಕುರ್ಚಿ ಹಾಕಿಸಿಕೊಂಡರು. ಇವತ್ತಿನ ಆಟ ನೋಡಿ ನಿಮ್ಮ ವಿಷಯ ತೀರ್ಮಾನ ಮಾಡುತ್ತೇವೆ ಎಂದು ಮೊದಲೇ ಹೇಳಿದ್ದರು. ಆಟ ಮುಗಿಯಲು ಬಂದರೂ ಎರಡೂ ಕಡೆ ಗೋಲಿಲ್ಲ. ಕೊನೆಗೆ ನಮಗೊಂದು ಕಾರ್ನರ್ ಸಿಕ್ಕಿತು. ಗೌರಿಯೂ ಮುಂದೆ ಹೋಗಿದ್ದಳು. ಚೆಂಡು ಎತ್ತರಕ್ಕೆ ಎದ್ದಿತು. 'ಕಾಯ್ ನಂದು' ಎಂದು ಅವಳು ಕೂಗಿದ್ದು ಮೈದಾನಕ್ಕೆಲ್ಲ ಕೇಳಿಸಿತು. ತುಮಕೂರಿನ ಜನ ಗೊಳ್ಳೆಂದು ನಕ್ಕರು. ನಗು ಇನ್ನೂ ಮುಗಿದಿರಲಿಲ್ಲ, ಚೆಂಡು ಬಲೆಯೊಳಗಿತ್ತು. ನಾವು ಗೆದ್ದೆವು. ಕಾರ್ಯದರ್ಶಿಗಳು ಎದ್ದು ಬಂದು, "ನಿಮ್ದು ಆಯ್ತು ಅನ್ಕಳಿ ಮೇಡಂ," ಎಂದರು.

ಗೆದ್ದ ಖುಷಿ ಒಂದು ದಿನವೂ ಇರಲಿಲ್ಲ. ಮುಂದಿನ ಭಾನುವಾರ ಚಿಕ್ಕನಾಯಕನಹಳ್ಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ, ಇಳಿಯುವಷ್ಟರಲ್ಲಿ ಎಲ್ಲ ಕಲಸಿಹೋಯಿತು. ರುದ್ರಪ್ಪನವರು ತೋಟದಲ್ಲಿ ಮರದ ಬುಡದ ಪಾತಿ ಬಿಡಿಸುತ್ತಿದ್ದರು. ನನ್ನನ್ನು ಕಂಡು ಗುದ್ದಲಿ ಒರಗಿಸಿ, ಕೈ ತೊಳೆದುಕೊಂಡು ಬಂದರು. ಅವರ ಹೆಂಡತಿ ಜಗುಲಿಯ ಮೇಲೆ ಚಾಪೆ ಹಾಸಿ ಮಜ್ಜಿಗೆ ಕೊಟ್ಟರು. ಲೋಟ ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ.

"ಕಾರ್ಯದರ್ಶಿಗಳಿಗೆ ಹೇಳಿದವಳು ನಾನೇ ಸಾರ್. ತಪ್ಪು ಬರೆದವಳೂ ನಾನೇ ಎಂದು ಮಾತ್ರ ಹೇಳಲಿಲ್ಲ."

"ಗೊತ್ತು ಕಣಮ್ಮ," ಎಂದರು. "ಅವತ್ತು ಕೇಳುದ್ರು, ಇದನ್ ನೀನ್ ಹೇಳ್ ಬರ್ಸಿದ್ದಾ, ಇಲ್ಲ ಮೇಡಮ್ಮೇ ಬರ್ಕಂಡಿದ್ದಾ ಅಂತ. ನಾನೇ ಹೇಳ್ ಬರ್ಸ್‌ದೆ ಅಂದೆ."

ನನಗೆ ಅರ್ಥವಾಗಲಿಲ್ಲ. ಯಾಕೆ ಎಂದೆ.

"ನಿಮ್ದು ಅಂದಿದ್ರೆ ನಿಮ್ಮನ್ನೂ ಕಳಿಸ್‌ಬುಡೋರು. ಇಬ್ರೂ ಹೋದ್ರೆ ಹುಡ್ಗೀರ್ ಜೊತೆ ಯಾರಿರೋರು? ಗಂಗಣ್ಣ ಲಾರಿ ಬಂದ್ರೆ ಎದ್ದೋಯ್ತಾನೆ." ಅಷ್ಟು ಹೇಳಿ, ಮಜ್ಜಿಗೆ ಕುಡಿಯಿರಿ ಎಂದು ಸನ್ನೆ ಮಾಡಿದರು. "ಇನ್ ನೀವ್ ಹೋಗಿ ಏನೂ ಹೇಳಕ್ ಹೋಗ್ಬ್ಯಾಡಿ. ಆಗ ನಾನ್ ಹೇಳಿದ್ದೂ ಸುಳ್ಳಾಯ್ತದೆ. ಒಂದ್ ಸಲ ಸುಳ್ಳ ಅನ್ನಿಸ್ಕಂಡಿದ್ ಸಾಕು. ಎರಡು ತಿಂಗ್ಳು ಆಟಗಾರ ಆಗಿದ್ನಲ್ಲ, ಬುಡಿ."

ನಾನು ಅತ್ತೆ. ಅವರ ಹೆಂಡತಿ ಏನಾಯ್ತವ್ವ ಎಂದು ಒಳಗಿನಿಂದ ಬಂದರು. ರುದ್ರಪ್ಪನವರು ಏನಿಲ್ಲ, ಟೀಮ್ ಗೆದ್ದಿದೆಯಂತೆ, ಅದಕ್ಕೆ ಎಂದರು. ಆಮೇಲೆ ಚಾಪೆಯ ಮೇಲೆ ಮುಂದಕ್ಕೆ ಸರಿದು ಕೂತು, ಅಷ್ಟು ಹೊತ್ತು ತಡೆದುಕೊಂಡಿದ್ದವರ ಹಾಗೆ ಒಂದೇ ಸಮನೆ ಕೇಳತೊಡಗಿದರು. ಕಾರ್ನರ್ ಯಾವ ಕಡೆಯಿಂದ ಬಂತು? ಎಷ್ಟು ಎತ್ತರ ಇತ್ತು? ಕೂಗಿದಳಾ? ಜನ ನಕ್ಕಾಗ ಅಂಜಲಿಲ್ಲವಾ? ಕೇಳಿದ್ದಕ್ಕೆಲ್ಲ ಹೇಳಿದೆ.

"ಹಾರ್ದಾಗ ಕಣ್ ಬುಟ್ಟಿದ್ಲಾ, ಮುಚ್ಚಿದ್ಲಾ?"

"ಬಿಟ್ಟಿದ್ದಳು ಸಾರ್," ಎಂದೆ.

"ನೀವ್ ನೋಡುದ್ರಾ?"

"ನೋಡಿದೆ."

"ಹಂಗಾರೆ ಆಯ್ತು," ಎಂದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಹೆಂಡತಿಯನ್ನು ಕೂಗಿ ಕರೆದು, ಕಣ್ಣು ಬಿಟ್ಟುಕೊಂಡೇ ಹೋಗಿದ್ದಾಳಂತೆ ಕಣೇ ಎಂದು ಹೇಳಿದರು.

ಗೌರಿ ಹಾರಿದ ಆ ಹೊತ್ತಿನಲ್ಲಿ ನಾನು ಅವಳನ್ನು ನೋಡುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತಿದ್ದ ಕಾರ್ಯದರ್ಶಿಗಳ ಮುಖ ನೋಡುತ್ತಿದ್ದೆ.